ನಾಲ್ಕನೇ ಕ್ಲಾಸಿನ ಮಕ್ಕಳಿಗೆ "ಇದು ನಿಮಗೆ ಹೇಗೆ ಗೊತ್ತು?" ಅಂತ ಕೇಳಲು ಕಲಿಸುವುದು ಹೇಗೆ? ನಿಮ್ಮಲ್ಲಿ ಮಾಡಿದ ಚಟುವಟಿಕೆ ಹೇಳಿ

ಪೆರ್ಲದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮದ ಎಲ್‌ಪಿ ಶಾಲೆಯಲ್ಲಿ ಮೂರು ಮತ್ತು ನಾಲ್ಕನೇ ಕ್ಲಾಸಿಗೆ ಪಾಠ ಮಾಡುವವಳು.

ಈಚೆಗೆ ನಮ್ಮ ಕಡೆ ಚಿರತೆ ಬಂದಿದೆ ಅಂತ ಒಂದು ಫೋಟೋ ವಾಟ್ಸಾಪಿನಲ್ಲಿ ಓಡಾಡಿತು. ರಸ್ತೆ ಬದಿಯ ಮೋರಿ ಮೇಲೆ ಚಿರತೆ ಕೂತಿದೆ. ಮರುದಿನ ಕ್ಲಾಸಿಗೆ ಅರ್ಧ ಮಕ್ಕಳು ಬರಲಿಲ್ಲ. ಬಂದವರಲ್ಲಿ ಒಬ್ಬಳ ಚಿಕ್ಕಮ್ಮ ಸುಳ್ಯದಲ್ಲಿದ್ದಾರೆ. ಅವರಿಗೂ ಅದೇ ಫೋಟೋ ಬಂದಿತ್ತಂತೆ, ಕೆಳಗೆ ಸುಳ್ಯದ ಊರಿನ ಹೆಸರು. ನಾನು ಇದನ್ನು ಹೇಳಿದರೆ ಮಕ್ಕಳದ್ದು ಒಂದೇ ಮಾತು: "ಫೋಟೋ ಉಂಟಲ್ಲ ಟೀಚರ್!"

ಕೇರಳದಲ್ಲಿ ಈ ವಿಷಯದಲ್ಲಿ ಕೆಲಸ ಆಗಿಲ್ಲ ಅಂತಲ್ಲ. ಲಸಿಕೆ ಬಗ್ಗೆ ಹಬ್ಬಿದ ಸುಳ್ಳು ಸುದ್ದಿಯಿಂದ ಕಷ್ಟಪಟ್ಟ ಮೇಲೆ ಕಣ್ಣೂರು ಜಿಲ್ಲೆಯಲ್ಲಿ 2018ರಲ್ಲಿ ಸುಮಾರು 150 ಸರಕಾರಿ ಶಾಲೆಗಳಲ್ಲಿ 'ಸತ್ಯಮೇವ ಜಯತೇ' ಅಂತ ಕ್ಲಾಸು ನಡೆಸಿದರು. ಆಮೇಲೆ ಕೈಟ್‌ನವರು (ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೇರಳ ಸರಕಾರದ ಸಂಸ್ಥೆ) ಅದೇ ಹೆಸರಿನಲ್ಲಿ 2022ರಲ್ಲಿ ರಾಜ್ಯದ 19.72 ಲಕ್ಷ ಮಕ್ಕಳಿಗೆ ತರಬೇತಿ ಕೊಟ್ಟರು. ಈಗ ಐಸಿಟಿ (ಕಂಪ್ಯೂಟರ್ ಪಾಠದ) ಪುಸ್ತಕದಲ್ಲೂ ಸುದ್ದಿ ಪರಿಶೀಲನೆ ಬಂದಿದೆ. ಆದರೆ ಇದೆಲ್ಲ ಶುರುವಾಗುವುದು ಐದನೇ ಕ್ಲಾಸಿನಿಂದ. ಫೋನು ಮಾತ್ರ ಒಂದನೇ ಕ್ಲಾಸಿಗೆ ಮೊದಲೇ ಕೈಗೆ ಬಂದಿರುತ್ತದೆ, ಅಲ್ವಾ?

ಎಂಟು-ಒಂಬತ್ತು ವರ್ಷದ ಮಕ್ಕಳ ಜೊತೆ ಕ್ಲಾಸಿನಲ್ಲೇ ಮಾಡಬಹುದಾದ್ದು ಏನಾದರೂ ನೀವು ಮಾಡಿದ್ದರೆ ಹೇಳಿ. ಇಂಟರ್ನೆಟ್ ನಂಬಿಕೊಂಡರೆ ಆಗುವುದಿಲ್ಲ. ನಮ್ಮಲ್ಲಿ ಅದು ಮಳೆಗಾಲದಲ್ಲಿ ಕರೆಂಟಿನ ಜೊತೆಗೇ ಹೋಗುತ್ತದೆ.

ಕುಂಬಳೆ ಮಾಷ್ಟ್ರು

ಒಳ್ಳೆ ವಿಷಯ ಎತ್ತಿದಿರಿ ಟೀಚರೇ.

ಮೊದಲು ಬೇಡದ್ದನ್ನು ಹೇಳುತ್ತೇನೆ. ಅಮೆರಿಕದಲ್ಲಿ ಒಂದು ಪ್ರಸಿದ್ಧ ಪ್ರಯೋಗ ಉಂಟು. 'ಮರದ ಮೇಲೆ ಬದುಕುವ ಆಕ್ಟೋಪಸ್' ಅಂತ 1998ರಲ್ಲಿ ಯಾರೋ ತಮಾಷೆಗೆ ಒಂದು ವೆಬ್‌ಸೈಟ್ ಮಾಡಿದರು. ನೋಡಲು ಥೇಟ್ ವಿಜ್ಞಾನದ ಸೈಟಿನ ಹಾಗೆ. ಕನೆಕ್ಟಿಕಟ್ ವಿಶ್ವವಿದ್ಯಾಲಯದವರು ಅದನ್ನು ಏಳನೇ ಕ್ಲಾಸಿನ ಮಕ್ಕಳಿಗೆ ತೋರಿಸಿದಾಗ ಹೆಚ್ಚಿನವರು ನಂಬಿಬಿಟ್ಟರು. ಅಲ್ಲಿಂದ ಮೇಲೆ ಎಷ್ಟೋ ಟೀಚರ್‌ಗಳು ಅದನ್ನೇ ಪಾಠ ಮಾಡಿಕೊಂಡರು. ಕೇಳಲು ಮಜಾ. ಆದರೆ ನಾಲ್ಕನೇ ಕ್ಲಾಸಿಗೆ ಇದು ಬೇಡ ಅಂತ ನನ್ನ ಅಭಿಪ್ರಾಯ. ಆ ಪ್ರಾಯದ ಮಕ್ಕಳಿಗೆ ಆರು ತಿಂಗಳ ಮೇಲೆ ಆಕ್ಟೋಪಸ್ ಮಾತ್ರ ನೆನಪಿರುತ್ತದೆ, ಅದು ಸುಳ್ಳು ಅನ್ನುವುದು ಮರೆತುಹೋಗುತ್ತದೆ. ಅದಲ್ಲದೆ ಟೀಚರೇ ಸುಳ್ಳು ಹೇಳಿ ಪರೀಕ್ಷೆ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ನಿಜವಾದ ಗೊಂದಲವೇ ಬೇಕಾದಷ್ಟು ಉಂಟಲ್ಲ. ನಮ್ಮ ಚಂದ್ರಗಿರಿ ಕೋಟೆಯನ್ನೇ ತೆಗೆದುಕೊಳ್ಳಿ. ಒಂದು ಪ್ರದರ್ಶನದಲ್ಲಿ ಮಕ್ಕಳ ಚಾರ್ಟ್ ನೋಡಿದೆ. ಮೇಲೆ 'ಕಾಸರಗೋಡಿನ ಚಂದ್ರಗಿರಿ ಕೋಟೆ, 17ನೇ ಶತಮಾನ, ಶಿವಪ್ಪ ನಾಯಕ' ಅಂತ ಚಂದದ ಅಕ್ಷರ. ಕೆಳಗೆ ಅಂಟಿಸಿದ್ದು ಗೋಪುರಗಳಿರುವ ಮೂರು ಮಾಳಿಗೆಯ ಅರಮನೆಯ ಫೋಟೋ! ನಮ್ಮ ಕೋಟೆಯಲ್ಲಿ ಮುರುಕು ಗೋಡೆ, ಹುಲ್ಲು, ಕೆಳಗೆ ಹೊಳೆ ಬಿಟ್ಟರೆ ಎಂಥ ಅರಮನೆ ಉಂಟು ಮಾರಾಯ್ರೆ? ಚಾರ್ಟಿಗೆ ಬಹುಮಾನವೂ ಬಂದಿತ್ತು.

ಆ ಮೇಲೆ ನನ್ನ ಐದನೇ ಕ್ಲಾಸಿನವರಿಗೆ ಅದೇ ಕೆಲಸ ಕೊಟ್ಟೆ. ಲ್ಯಾಪ್‌ಟಾಪಿನಲ್ಲಿ ಬರೇ 'ಚಂದ್ರಗಿರಿ' ಅಂತ ಹುಡುಕಿ, ಏನೆಲ್ಲ ಬಂತು ಬರೆಯಿರಿ ಅಂದೆ. ಶ್ರವಣಬೆಳಗೊಳದ ಬೆಟ್ಟ ಬಂತು, ಆಂಧ್ರದ ಕೋಟೆ ಬಂತು, ನಮ್ಮ ಹೊಳೆ ಬಂತು. ಇನ್ನು ಒಂದೇ ಒಂದು ಪದ ಸೇರಿಸಿ ನಮ್ಮ ಕೋಟೆ ಮಾತ್ರ ಬರುವ ಹಾಗೆ ಮಾಡಿ ಅಂದೆ. 'ಕೋಟೆ' ಸೇರಿಸಿದವರಿಗೆ ಆಂಧ್ರದ್ದೂ ಬಂತು. 'ಕಾಸರಗೋಡು' ಸೇರಿಸಿದವರು ಗೆದ್ದರು, ಆದರೆ ಹೊಳೆಯ ಜೊತೆ. ಕೋಟೆಯ ಹತ್ತಿರದ ಊರು 'ಮೇಲ್ಪರಂಬ' ಸೇರಿಸಿದವಳು ಒಬ್ಬಳೇ. ಅವಳ ಮನೆ ಅಲ್ಲೇ ಹತ್ತಿರ! ಹುಡುಕುವ ಪದವನ್ನು ಯೋಚಿಸಿ ಆರಿಸಬೇಕು ಅಂತ ನಾನು ಬೋರ್ಡಿನಲ್ಲಿ ಬರೆಯಲೇ ಇಲ್ಲ.

ಮಡಕಶಿರಾದವಳು

ಆ ಅರಮನೆ ನಮ್ಮ ರಾಜ್ಯದ್ದು ಕಣ್ರೀ ಮೇಷ್ಟ್ರೇ, ವಾಪಸ್ ಕೊಡಿ 😀

ತಿರುಪತಿ ಹತ್ತಿರದ ಚಂದ್ರಗಿರಿಯ ರಾಜಮಹಲ್ ಅದು. 1565ರ ತಾಳಿಕೋಟೆ ಯುದ್ಧ ಆದ ಮೇಲೆ ವಿಜಯನಗರದವರು ರಾಜಧಾನಿಯನ್ನು ಮೊದಲು ನಮ್ಮ ಪಕ್ಕದ ಪೆನುಕೊಂಡಕ್ಕೆ ತಂದರು, ಆಮೇಲೆ ಚಂದ್ರಗಿರಿಗೆ. ನಮ್ಮ ಮಕ್ಕಳಿಗೆ ಹುಡುಕಿದರೆ ನಿಮ್ಮ ಹೊಳೆ ಸಿಗುತ್ತದೆ ಅನ್ನಿ!

ಪ್ರಶ್ನೆಪತ್ರಿಕೆ

ನಾನು ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರು ಮಾಡಬೇಡಿ. ನಾಲ್ಕನೇ ಕ್ಲಾಸಿನವರಿಗೆ ಎಲ್‌ಎಸ್‌ಎಸ್ ಅಂತ ಸ್ಕಾಲರ್‌ಶಿಪ್ ಪರೀಕ್ಷೆ ಉಂಟು. ಪೋಷಕರು ಕೇಳುವುದು ಎಷ್ಟು ಮಕ್ಕಳಿಗೆ ಸ್ಕಾಲರ್‌ಶಿಪ್ ಬಂತು ಅಂತ, ಎಷ್ಟು ಮಕ್ಕಳು ಪ್ರಶ್ನೆ ಕೇಳಿದರು ಅಂತಲ್ಲ. ಪಾಠವೇ ಮುಗಿಯುವುದಿಲ್ಲ. ಅದರ ನಡುವೆ ಚಿರತೆ, ಕೋಟೆ, ಆಕ್ಟೋಪಸ್. ಓದಲು ಸರಿಯಾಗಿ ಬಾರದ ಮಕ್ಕಳೂ ಇದ್ದಾರೆ. ಮೊದಲು ಓದು ಬರಲಿ, ಮತ್ತೆ ಅನುಮಾನ ಪಡಲಿ.

ತಾಳವಾಡಿ ಸಾರ್

ಪ್ರಶ್ನೆಪತ್ರಿಕೆ ಅವರೇ, ಓದಲು ಬಾರದ ಮಗುವೂ ಫೋಟೋ ನೋಡುತ್ತದಲ್ಲ. ನಾನು ಮಾಡುವುದು ಬರೀ ಫೋಟೋದಲ್ಲಿ.

ನಮ್ಮದು ಈರೋಡು ಜಿಲ್ಲೆ, ಸತ್ಯಮಂಗಲ ಹುಲಿ ರಕ್ಷಿತಾರಣ್ಯದ ಮಗ್ಗುಲಿನ ಊರು. ಚಿರತೆ, ಆನೆ ನಮಗೆ ಸುದ್ದಿಯೇ ಅಲ್ಲ, ನಿಜವಾಗಲೂ ಬರುತ್ತವೆ. ಅದಕ್ಕೇ 'ಎಲ್ಲ ಸುಳ್ಳು' ಅಂತ ಹೇಳಿಕೊಡುವ ಹಾಗೂ ಇಲ್ಲ. ಸುಳ್ಳು ಅಂದುಕೊಂಡು ಸಂಜೆ ಹೊಲದ ಕಡೆ ಹೋದರೆ ಕಥೆ ಮುಗೀತು. ಪೆರ್ಲದ ಟೀಚರ್ ಇದನ್ನು ಗಮನಿಸಬೇಕು. ನಾವು ಕಲಿಸಬೇಕಾದ್ದು ನಂಬಬೇಡ ಅಂತಲ್ಲ, ನೋಡು ಅಂತ.

ಆಟ ಸುಲಭ. ಒಂದು ಫೋಟೋ ಗೋಡೆಗೆ ಅಂಟಿಸುತ್ತೇನೆ. ಪ್ರಾಣಿಯನ್ನು ಒಂದು ರಟ್ಟಿನಿಂದ ಮುಚ್ಚಿಬಿಡುತ್ತೇನೆ. ಉಳಿದದ್ದನ್ನು ನೋಡಿ ಇದು ಯಾವ ಊರು ಹೇಳಿ ಅನ್ನುತ್ತೇನೆ. ಅಂಗಡಿ ಬೋರ್ಡು ಯಾವ ಲಿಪಿ? ಗಾಡಿಯ ನಂಬರ್ ಪ್ಲೇಟು? ಮರ ಯಾವುದು? ರಸ್ತೆ ಬದಿಯ ಕಲ್ಲಿನ ಬಣ್ಣ? ಜನ ಏನು ಉಟ್ಟಿದ್ದಾರೆ? ನೆಲ ಒದ್ದೆಯಾ ಒಣಗಿದೆಯಾ?

ಗಡಿನಾಡಿನ ಮಕ್ಕಳು ಇದರಲ್ಲಿ ಹುಲಿಗಳು ಸಾರ್. ತೆಲುಗು ಓದಲು ಬಾರದಿದ್ದರೂ ಕನ್ನಡದ ತಲೆಕಟ್ಟಿಗೂ ತೆಲುಗಿನ ತಲೆಕಟ್ಟಿಗೂ ವ್ಯತ್ಯಾಸ ಹೇಳುತ್ತಾರೆ. ಕೆಎ 10 ಅಂದರೆ ಚಾಮರಾಜನಗರ ಅಂತ ಮೂರನೇ ಕ್ಲಾಸಿನ ಹುಡುಗನಿಗೆ ಗೊತ್ತು, ದಿನಾ ಬಸ್ಸು ನೋಡುತ್ತಾನಲ್ಲ. ನಿಮ್ಮವರಿಗೆ ಕೆಎಲ್ 14, ಕೆಎ 19, ಕೆಎ 21 ಎಲ್ಲ ಗೊತ್ತಿರುತ್ತದೆ. ಅದನ್ನೇ ಬಳಸಿ. ಕೊನೆಗೆ ರಟ್ಟು ತೆಗೆದಾಗ ಅವರಿಗೆ ಚಿರತೆಯ ಮೇಲೆ ಆಸಕ್ತಿಯೇ ಇರುವುದಿಲ್ಲ, ಬೋರ್ಡಿನ ಬಗ್ಗೆ ಜಗಳ ನಡೀತಿರುತ್ತದೆ.

ಪೆರ್ಲದ ಟೀಚರ್

ರಟ್ಟು ಮುಚ್ಚುವ ಐಡಿಯಾ ತುಂಬಾ ಇಷ್ಟವಾಯಿತು ಸರ್. ನಾಳೆಯೇ ಮಾಡುತ್ತೇನೆ. 'ನಂಬಬೇಡ ಅಂತಲ್ಲ, ನೋಡು' ಅನ್ನುವುದೂ ಸರಿ. ಈಗಾಗಲೇ ಒಬ್ಬ ಎಲ್ಲದಕ್ಕೂ "ಫೇಕ್, ಫೇಕ್" ಅನ್ನಲು ಶುರು ಮಾಡಿದ್ದಾನೆ. ನಾನು ಹೋಮ್‌ವರ್ಕ್ ಕೊಟ್ಟರೂ ಫೇಕ್ ಅಂತೆ.

ತೋಟದ ಮನೆ (ಬದಿಯಡ್ಕ)

ನಾನು ಟೀಚರ್ ಅಲ್ಲ, ಪೋಷಕ. ಅಡಿಕೆ ಕೃಷಿಕ. ಒಂದು ಸಲಹೆ ಕೊಡಬಹುದಾ?

ಮಕ್ಕಳಿಗೆ ಅಡಿಕೆ ರೇಟ್ ಕೇಳಿಕೊಂಡು ಬರಲು ಹೇಳಿ. ಇವತ್ತಿನ ರೇಟ್ ಎಷ್ಟು ಅಂತ ಅಷ್ಟೇ, ಬೇರೆ ಏನೂ ವಿವರ ಕೊಡಬೇಡಿ. ಅಪ್ಪನ ಹತ್ತಿರ ಕೇಳಲಿ, ಪೇಪರಿನಲ್ಲಿ ನೋಡಲಿ, ಪೇಟೆಗೆ ಹೋದಾಗ ಕ್ಯಾಂಪ್ಕೋ (ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ) ಬೋರ್ಡ್ ನೋಡಲಿ. ಮತ್ತೆ ನಿಮ್ಮ ಕ್ಲಾಸಿನಲ್ಲಿ ಏನಾಗುತ್ತದೆ ನೋಡಿ. ನಮ್ಮ ಮನೆಯಲ್ಲಿ ಅಪ್ಪ-ಮಗ ಜಗಳ ಆಡುವುದೇ ಇದರ ಮೇಲೆ.

ಜತ್ತದ ಗುರೂಜಿ

ನಮಸ್ಕಾರರೀ. ಸಾಂಗ್ಲಿ ಜಿಲ್ಲೆ ಜತ್ತ ತಾಲೂಕಿನಿಂದ. ನಮ್ಮದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ, ಪುಸ್ತಕ ಪುಣೆಯ ಬಾಲಭಾರತಿಯಿಂದ ಕನ್ನಡದಲ್ಲಿ ಬರುತ್ತವೆ. ಗ್ರಂಥಾಲಯ ಅಂದರೆ ಆಫೀಸಿನ ಒಂದು ಕಪಾಟು.

ನಾನು ಮಾಡಿದ್ದು ಒಂದು ನೋಟ್‌ಬುಕ್ಕು. ಪುಟದ ನಡುವೆ ಗೆರೆ. ಎಡಕ್ಕೆ 'ಕೇಳಿದ್ದು', ಬಲಕ್ಕೆ 'ಕಂಡಿದ್ದು'. ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಐದು ನಿಮಿಷ. ನಮ್ಮ ಕಡೆ ಬೇಸಿಗೆಯಲ್ಲಿ ದೊಡ್ಡ ಸುದ್ದಿ ಅಂದರೆ ನೀರು. ಮ್ಹೈಸಾಳ ಯೋಜನೆಯ ನೀರು ಕಾಲುವೆಗೆ ಬಿಟ್ಟಾರ ಅಂತ ವಾರಕ್ಕೊಮ್ಮೆ ಗಾಳಿಸುದ್ದಿ ಹುಟ್ಟುತ್ತದೆ. ಮಕ್ಕಳು ಅದನ್ನು ಎಡಗಡೆ ಬರೆಯುತ್ತಾರೆ. ಕಾಲುವೆ ದಂಡೆ ಮೇಲಿನ ವಸ್ತಿಯ ಹುಡುಗ ಸಂಜೆ ಹೋಗಿ ನೋಡಿ ಬಂದು ಬಲಗಡೆ ಬರೆಯುತ್ತಾನೆ. ನೀರು ಬಂದಿದ್ದರೆ ಬಂದಿದೆ, ಇಲ್ಲದಿದ್ದರೆ ಇಲ್ಲ. ಟ್ಯಾಂಕರ್ ಯಾವಾಗ ಬರುತ್ತದೆ ಅನ್ನುವುದಕ್ಕೂ ಹೀಗೇ.

ಕೆಲವು ದಿನ ಬಲಗಡೆ ಖಾಲಿ ಉಳಿಯುತ್ತದೆ. ಖಾಲಿ ಬಿಡಲಿಕ್ಕೆ ಮಕ್ಕಳಿಗೆ ಮನಸ್ಸಿಲ್ಲರೀ, ಏನರೆ ತುಂಬಿಸಿಬಿಡತಾರ. ಖಾಲಿ ಬಿಟ್ಟರೂ ಮಾರ್ಕು ಹೋಗುವುದಿಲ್ಲ ಅಂತ ನಂಬಿಸಲಿಕ್ಕೇ ನನಗೆ ಭಾಳ ದಿನ ಹಿಡಿಯಿತು.

ಪ್ರಶ್ನೆಪತ್ರಿಕೆ

ಗುರೂಜಿ, ಖಾಲಿ ಬಿಡುವ ಮಾತು ಒಪ್ಪಿದೆ. ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಖಾಲಿ ಬಿಡಬಾರದು ಅಂತ ನಾವೇ ಹೇಳಿಕೊಟ್ಟಿರುತ್ತೇವೆ.

ವಾಚನಾಲಯದವ (ಮಂಜೇಶ್ವರ)

ತಡವಾಗಿ ಬಂದೆ. ನಾನು ಊರಿನ ಗ್ರಂಥಾಲಯ ನೋಡಿಕೊಳ್ಳುವವ. ಪಿ.ಎನ್. ಪಣಿಕ್ಕರ್ ಅವರ ನೆನಪಿಗೆ ಜೂನ್ 19ಕ್ಕೆ ಓದಿನ ದಿನ ಮಾಡುತ್ತೇವಲ್ಲ, ಆಗ ಶಾಲೆಯ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಹೆಚ್ಚಾಗಿ ಭಾಷಣ, ಫೋಟೋ, ಮಿಠಾಯಿ, ಮುಗೀತು. ಕಳೆದ ಸಲ ಭಾಷಣ ಬಿಟ್ಟು ಬೇರೆ ಮಾಡಿದೆವು.

ಮಕ್ಕಳ ಕಪಾಟಿನ ಪುಸ್ತಕ ಎಲ್ಲ ಚಾಪೆ ಮೇಲೆ ಸುರಿದೆ. ಎರಡು ರಾಶಿ ಮಾಡಿ ಅಂದೆ. ಒಂದು 'ಕಟ್ಟಿದ ಕಥೆ', ಇನ್ನೊಂದು 'ನಿಜದ ವಿಷಯ'. ಮಂಗ-ಮೊಸಳೆ ಕಥೆ ಸುಲಭವಾಗಿ ಮೊದಲ ರಾಶಿಗೆ ಹೋಯಿತು. ಸರೀಸೃಪಗಳ ಪುಸ್ತಕ ಎರಡನೆಯದಕ್ಕೆ. ಗಾಂಧೀಜಿ ಬಗ್ಗೆ ಒಂದು ಚಿತ್ರಪುಸ್ತಕ ಬಂತು, ಅದರಲ್ಲಿ ಮಾತುಕತೆ ಉಂಟು. "ಗಾಂಧಿ ನಿಜ, ಆದರೆ ಈ ಮಾತು ಯಾರು ಕೇಳಿಸಿಕೊಂಡದ್ದು?" ಅಂತ ಒಬ್ಬ. ಆ ಪುಸ್ತಕವನ್ನು ಎರಡು ರಾಶಿಯ ನಡುವೆ ಇಟ್ಟರು. ಸ್ಥಳಪುರಾಣದ ಪುಸ್ತಕವನ್ನೂ ನಡುವೆ ಇಟ್ಟರು. ಕಡೆಗೆ ನಡುವಿನ ರಾಶಿಯೇ ದೊಡ್ಡದಾಯಿತು. ಡ್ಯೂಯಿ 1876ರಲ್ಲಿ ಹತ್ತು ವರ್ಗ ಮಾಡಿದ, ನಮ್ಮವರೇ ಆದ ರಂಗನಾಥನ್ 1933ರಲ್ಲಿ ಬೇರೆಯೇ ಪದ್ಧತಿ ತಂದರು. ಎರಡರಲ್ಲೂ ನಡುವಿನ ರಾಶಿ ಅಂತ ಒಂದಿಲ್ಲ ನೋಡಿ.

ಆಮೇಲೆ ಮೊಸಳೆ ವಿಷಯಕ್ಕೆ ಬಂದರು. ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಮೊಸಳೆ ಬಬಿಯಾ ಯಾವ ರಾಶಿ ಅಂತ ಕೇಳಿದರು. ನಾನು ಸುಮ್ನೆ ಕೂತೆ.

ತೋಟದ ಮನೆ (ಬದಿಯಡ್ಕ)

ಅಣ್ಣಾ, ಅಲ್ಲಿ ಸ್ವಲ್ಪ ಜಾಗ್ರತೆ. ಬಬಿಯಾ ಅಂದರೆ ನಮಗೆ ಬರೇ ಮೊಸಳೆ ಅಲ್ಲ. 2022ರ ಅಕ್ಟೋಬರಿನಲ್ಲಿ ಅದು ಸತ್ತಾಗ ನನ್ನ ಅಮ್ಮ ಊಟ ಮಾಡಲಿಲ್ಲ. ಮಕ್ಕಳು ಮನೆಗೆ ಬಂದು ಅಜ್ಜಿಗೆ "ನಿಮಗೆ ಹೇಗೆ ಗೊತ್ತು?" ಅಂತ ಕೇಳಿದರೆ ಅದು ಮಾಹಿತಿ ಕಲಿಕೆಯಾ, ಎದುರು ಮಾತಾ?

ವಾಚನಾಲಯದವ (ಮಂಜೇಶ್ವರ)

ನಿಮ್ಮ ಮಾತು ನ್ಯಾಯವೇ. ಅದಕ್ಕೇ ನಾನು ಬಾಯಿ ಹಾಕಲಿಲ್ಲ. ಆದರೆ ಮಕ್ಕಳು ಏನು ಮಾಡಿದರು ಕೇಳಿ.

ಒಂದು ಹುಡುಗಿ ಬಬಿಯಾ ಬಗ್ಗೆ ಜನ ಹೇಳುವ ಮಾತುಗಳನ್ನು ಬಿಡಿಬಿಡಿಯಾಗಿ ಚೀಟಿಯಲ್ಲಿ ಬರೆದಳು. 'ದೇವಸ್ಥಾನದ ನೈವೇದ್ಯ ತಿನ್ನುತ್ತಿತ್ತು.' ಇದನ್ನು ಅವಳ ಅಜ್ಜ ಕಣ್ಣಾರೆ ನೋಡಿದ್ದಾರೆ, ನೂರಾರು ಜನ ನೋಡಿದ್ದಾರೆ. 'ಯಾರಿಗೂ ತೊಂದರೆ ಕೊಟ್ಟಿಲ್ಲ.' ಇದು ಊರಿನವರು ಎಲ್ಲರೂ ಹೇಳುವುದು. '1945ರಲ್ಲಿ ಬ್ರಿಟಿಷ್ ಸೈನಿಕ ಒಂದು ಮೊಸಳೆಗೆ ಗುಂಡು ಹೊಡೆದ, ಅದಾದ ಮೇಲೆ ಇದು ಬಂತು.' ಇದು ಹಿರಿಯರಿಂದ ಕೇಳಿ ಬಂದ ಕಥೆ, ನೋಡಿದವರು ಈಗ ಸಿಗುವುದು ಕಷ್ಟ. 'ನೈವೇದ್ಯ ಬಿಟ್ಟು ಬೇರೆ ಏನೂ ತಿನ್ನುತ್ತಿರಲಿಲ್ಲ.' ಇಲ್ಲಿ ನಿಂತಳು. "ರಾತ್ರಿ ನೀರಿನ ಒಳಗೆ ಏನು ತಿಂತು ಅಂತ ಯಾರು ನೋಡಿದ್ದು?" ಅಂದಳು. ಸರೀಸೃಪದ ಪುಸ್ತಕ ತೆಗೆದು ನೋಡಿದಳು. ಈ ಜಾತಿಯ ಮೊಸಳೆಗೆ ಮೀನು ಮುಖ್ಯ ಆಹಾರ ಅಂತ ಇತ್ತು. ಕೆರೆಯಲ್ಲಿ ಮೀನು ಉಂಟು.

ಅವಳು ಸುಳ್ಳು ಅಂತ ಬರೆಯಲಿಲ್ಲ. 'ನೋಡಿದವರು ಇಲ್ಲ' ಅಂತ ಬರೆದಳು. ನಾಲ್ಕನೇ ಕ್ಲಾಸು. ನಮ್ಮ ಟಿವಿಯವರು ಬಬಿಯಾ ಸತ್ತ ವಾರ ಇಡೀ 'ಸಸ್ಯಾಹಾರಿ ಮೊಸಳೆ' ಅಂತ ಓಡಿಸಿದ್ದರು.

ಅಜ್ಜಿಗೆ ನೋವಾಗುವ ಹಾಗೆ ಅಲ್ಲಿ ಏನೂ ನಡೆಯಲಿಲ್ಲ. 2023ರಲ್ಲಿ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತಲ್ಲ, ಅದನ್ನು ನೋಡಲು ಅದೇ ಹುಡುಗಿ ಅಜ್ಜನ ಜೊತೆ ಹೋಗಿ ಕೈಮುಗಿದು ಬಂದಿದ್ದಳಂತೆ.

ತೋಟದ ಮನೆ (ಬದಿಯಡ್ಕ)

ಸರಿ. ಹಾಗಾದರೆ ಕೇಳುವ ರೀತಿಯನ್ನೂ ಕಲಿಸಿ. "ನಿಮಗೆ ಹೇಗೆ ಗೊತ್ತು" ಅಂದರೆ ನಮ್ಮಲ್ಲಿ ಜಗಳಕ್ಕೆ ಬಂದ ಹಾಗೆ. "ಅಜ್ಜೀ, ನೀವು ನೋಡಿದ್ರಾ, ಯಾರಾದ್ರೂ ಹೇಳಿದ್ದಾ?" ಅಂತ ಕೇಳಿದರೆ ನನ್ನ ಅಮ್ಮ ಅರ್ಧ ಗಂಟೆ ಕೂರಿಸಿ ಹೇಳುತ್ತಾರೆ.

ಮಡಕಶಿರಾದವಳು

ಇದು ಬಹಳ ಮುಖ್ಯದ ಮಾತು. ನಾನೂ ಪ್ರಶ್ನೆಯನ್ನು ಬದಲಾಯಿಸುತ್ತೇನೆ.

ಕುಂಬಳೆ ಮಾಷ್ಟ್ರು

+1

ಪೆರ್ಲದ ಟೀಚರ್

ತೋಟದ ಮನೆಯವರೇ, ಅಡಿಕೆ ರೇಟ್ ಮಾಡಿದೆ. ಇಡೀ ಎರಡು ಪೀರಿಯಡ್ ಹೋಯಿತು, ಗಣಿತದ ಪೀರಿಯಡ್ ಸಹ. ವಿವರ ಹೇಳುತ್ತೇನೆ.

ಸೋಮವಾರ ಎಲ್ಲರೂ ಒಂದೊಂದು ಅಂಕೆ ತಂದರು. ಬೋರ್ಡಿನಲ್ಲಿ ಬರೆದೆ. ಒಬ್ಬನದ್ದಕ್ಕೂ ಇನ್ನೊಬ್ಬನದ್ದಕ್ಕೂ ತಾಳೆ ಇಲ್ಲ. ಒಬ್ಬನದ್ದಂತೂ ಉಳಿದವರಿಗಿಂತ ನೂರು ಪಟ್ಟು ಜಾಸ್ತಿ! ಕ್ಲಾಸೆಲ್ಲ ನಕ್ಕಿತು. ಯಾರು ಸುಳ್ಳು ಹೇಳಿದ್ದು ಅಂತ ಮಕ್ಕಳೇ ಕೇಳಿದರು. ಯಾರೂ ಸುಳ್ಳು ಹೇಳದೆ ಹೀಗೆ ಆಗಬಹುದಾ ಅಂತ ನಾನು ಕೇಳಿದೆ.

ಆಮೇಲೆ ಒಂದೊಂದಾಗಿ ಬಿಡಿಸಿದೆವು. ನೂರು ಪಟ್ಟು ತಂದವನು ಮಾವನ ಫೋನಿನಲ್ಲಿ ನೋಡಿದ್ದು ಶಿವಮೊಗ್ಗ ಮಾರುಕಟ್ಟೆಯ ರೇಟ್. ಅಲ್ಲಿ ಕ್ವಿಂಟಾಲಿಗೆ ಹೇಳುತ್ತಾರೆ, ನಾವು ಕಿಲೋಗೆ. ಅದೂ ಅಲ್ಲಿನದ್ದು ಬೇಯಿಸಿದ ಕೆಂಪಡಿಕೆ, ರಾಶಿ, ಬೆಟ್ಟೆ ಅಂತೆಲ್ಲ. ನಮ್ಮದು ಒಣಗಿಸಿದ ಚಾಲಿ. ಹೀಗೆ ಒಂದೇ ಅಂಕೆಯಲ್ಲಿ ಎರಡು ಬೇರೆ ವಿಷಯ ಅಡಗಿ ಕೂತಿತ್ತು. ಇನ್ನೊಬ್ಬಳ ಅಪ್ಪ ಹೇಳಿದ್ದು ಹಳೆ ಅಡಿಕೆಗೆ, ಪಕ್ಕದ ಮನೆಯವನ ಅಪ್ಪ ಹೇಳಿದ್ದು ಹೊಸದಕ್ಕೆ. ಒಬ್ಬ ಪಟೋರದ (ಕೆಳದರ್ಜೆಯ ಅಡಿಕೆ) ರೇಟ್ ತಂದಿದ್ದ. ಪೇಪರಿನಲ್ಲಿ 'ಇಷ್ಟರಿಂದ ಇಷ್ಟು' ಅಂತ ಎರಡು ಅಂಕೆ ಇತ್ತು. ಕತ್ತರಿಸಿ ತಂದವಳು ದೊಡ್ಡ ಅಂಕೆ ಮಾತ್ರ ಬರೆದಿದ್ದಳು. ಯಾಕೆ ಅಂದರೆ "ಅದೇ ಚಂದ ಉಂಟಲ್ಲ" ಅಂದಳು. ಇನ್ನು ಒಬ್ಬನ ಪೇಪರ್ ತುಂಡಿಗೆ ತಾರೀಕೇ ಇರಲಿಲ್ಲ. ತಿರುಗಿಸಿ ನೋಡಿದರೆ ಹಿಂದೆ ಓಣಂ ಸೇಲಿನ ಜಾಹೀರಾತು. ನಾವು ಆಗ ಕ್ರಿಸ್‌ಮಸ್ ಪರೀಕ್ಷೆಗೆ ತಯಾರಾಗುತ್ತಿದ್ದೆವು! ಅದನ್ನು ಕಂಡುಹಿಡಿದವನು ಎಲ್ಲದಕ್ಕೂ ಫೇಕ್ ಅನ್ನುತ್ತಿದ್ದನಲ್ಲ, ಅದೇ ಹುಡುಗ. ಈ ಸಲ ಫೇಕ್ ಅನ್ನಲಿಲ್ಲ, "ಹಳತು" ಅಂದ.

ಮಾರುವವರು ಹೇಳುವ ರೇಟಿಗೂ ಕೊಳ್ಳುವವರು ಹೇಳುವ ರೇಟಿಗೂ ಯಾಕೆ ವ್ಯತ್ಯಾಸ ಅಂತಲೂ ಬಂತು. ಅಂಗಡಿಯವರ ಮಗ ಒಬ್ಬ ಇದ್ದಾನೆ. ಅವನ ಅಪ್ಪ ಹೇಳಿದ್ದೇ ಎಲ್ಲಕ್ಕಿಂತ ಕಡಿಮೆ. ಅವನಿಗೆ ಸ್ವಲ್ಪ ನಾಚಿಕೆ ಆಯಿತು, ನಾನು ಆ ಮಾತನ್ನು ಬೇಗ ದಾಟಿಸಿದೆ.

ತೋಟದ ಮನೆ (ಬದಿಯಡ್ಕ)

ಹ್ಹಹ್ಹ! ಪೇಪರಿನ ದೊಡ್ಡ ಅಂಕೆ ಮಾತ್ರ ನೋಡುವುದು ಮಕ್ಕಳು ಮಾತ್ರ ಅಲ್ಲ ಟೀಚರೇ.

1973ರಲ್ಲಿ ಕ್ಯಾಂಪ್ಕೋ ಶುರುವಾಗುವ ಮೊದಲು ಈ ಬೋರ್ಡೂ ಇರಲಿಲ್ಲ, ವ್ಯಾಪಾರಿ ಹೇಳಿದ್ದೇ ರೇಟ್ ಅಂತ ನನ್ನ ಅಪ್ಪ ಹೇಳುತ್ತಿದ್ದರು. ಆ ಅಂಗಡಿಯ ಹುಡುಗನನ್ನು ಬಿಡಬೇಡಿ, ಅವನ ಅಪ್ಪನನ್ನೇ ಒಂದು ದಿನ ಕ್ಲಾಸಿಗೆ ಕರೆಯಿರಿ. ಸಾಗಾಟ, ಸುಲಿಯುವ ಕೂಲಿ, ಹಾಳಾದ್ದು, ಎಲ್ಲ ಕಳೆದು ರೇಟ್ ಹೇಗೆ ಆಗುತ್ತದೆ ಅಂತ ಅವರೂ ಹೇಳಲಿ. ಅವರ ಲೆಕ್ಕವೂ ಒಂದು ಲೆಕ್ಕವೇ.

ತಾಳವಾಡಿ ಸಾರ್

ನಮ್ಮಲ್ಲಿ ಅಡಿಕೆ ಬದಲು ಅರಿಶಿನ, ಟೊಮೆಟೊ ಇಟ್ಟುಕೊಂಡು ಮಾಡಬಹುದು. ಈರೋಡು ಅಂದರೆ ಅರಿಶಿನವೇ ತಾನೇ. ಅಲ್ಲೂ ಬೆರಳಿಗೆ ಒಂದು ರೇಟು, ಗಡ್ಡೆಗೆ ಒಂದು ರೇಟು.

ಪ್ರಶ್ನೆಪತ್ರಿಕೆ

ನಾನೂ ಒಂದು ಮಾಡಿ ನೋಡಿದೆ. ಎಲ್‌ಎಸ್‌ಎಸ್‌ಗೆ ಉಪಯೋಗ ಆಗುವ ಹಾಗೆ, ನನ್ನ ಷರತ್ತಿನ ಮೇಲೆ.

ಕ್ವಿಜ್‌ನಲ್ಲಿ ಯಾವಾಗಲೂ ಕೇಳುವುದು: ಕೇರಳದ ಅತಿ ಚಿಕ್ಕ ನದಿ ಯಾವುದು? ಮಂಜೇಶ್ವರ ನದಿ, 16 ಕಿ.ಮೀ. ನಮ್ಮ ಮಕ್ಕಳಿಗೆ ನಿದ್ದೆಯಲ್ಲೂ ಬರುತ್ತದೆ. ಈ ಸಲ ಉತ್ತರಕ್ಕೆ ಒಂದು ಮಾರ್ಕ್, 'ಎಲ್ಲಿ ಸಿಕ್ಕಿತು' ಅನ್ನುವುದಕ್ಕೆ ಇನ್ನೊಂದು ಮಾರ್ಕ್ ಇಟ್ಟೆ. 'ಗೈಡ್' ಅಂತ ಬರೆದವರಿಗೆ ಅರ್ಧ. ಪುಸ್ತಕದ ಹೆಸರು, ಪುಟ ಬರೆದವರಿಗೆ ಪೂರ್ತಿ. ಪುಟ ಹುಡುಕಲು ಪರಿವಿಡಿ ನೋಡಬೇಕು ಅಂತ ಆಗ ಗೊತ್ತಾಯಿತು ಅವರಿಗೆ. ಅಲ್ಲಿಯವರೆಗೆ ಪರಿವಿಡಿ ಅಂದರೆ ತಿರುಗಿಸಿ ಬಿಡುವ ಹಾಳೆ.

ಮತ್ತೆ ಜಿಲ್ಲೆಯ ನಕ್ಷೆ ಹರಡಿ ನದಿಯ ಮೇಲೆ ನೂಲು ಇಟ್ಟು ಅಳೆಯಲು ಹೇಳಿದೆ. ಸ್ಕೇಲಿನ ಲೆಕ್ಕ ನಾನೇ ಮಾಡಿಕೊಟ್ಟೆ. ಯಾರಿಗೂ 16 ಬರಲಿಲ್ಲ, ಎಲ್ಲರಿಗೂ ಕಡಿಮೆ ಬಂತು. ನಕ್ಷೆಯಲ್ಲಿ ಸಣ್ಣ ತಿರುವುಗಳೆಲ್ಲ ನೆಟ್ಟಗಾಗಿರುತ್ತವೆ, ನೂಲೂ ಮೂಲೆಯಲ್ಲಿ ಸರಿಯಾಗಿ ಕೂರುವುದಿಲ್ಲ. ಚಂದ್ರಗಿರಿಗೂ ಹಾಗೆಯೇ ಮಾಡಿದೆವು, ಅದು 105 ಕಿ.ಮೀ. ನೂಲಿಗೆ ಗಂಟು ಹಾಕಬೇಕಾಯಿತು. ಅದಂತೂ ನಕ್ಷೆ ದಾಟಿ ಕೊಡಗಿನ ಕಡೆ ಹೋಗುತ್ತದೆ. "ಸರ್, ನದಿ ಅರ್ಧ ಇಲ್ಲ" ಅಂದರು.

ಓದಲು ಬಾರದ ಇಬ್ಬರು ನೂಲಿನ ಕೆಲಸದಲ್ಲಿ ಎಲ್ಲರಿಗಿಂತ ಮುಂದೆ ಇದ್ದರು. ಅಷ್ಟು ಒಪ್ಪುತ್ತೇನೆ. ಸಮಯ ಜಾಸ್ತಿ ಹೋಗುತ್ತದೆ ಅನ್ನುವ ಮಾತು ಮಾತ್ರ ಹಿಂದೆ ತೆಗೆದುಕೊಳ್ಳುವುದಿಲ್ಲ.

ಕುಂಬಳೆ ಮಾಷ್ಟ್ರು

ನಿಮ್ಮ ಷರತ್ತು ಚಂದ ಉಂಟು. 'ಎಲ್ಲಿ ಸಿಕ್ಕಿತು' ಮಾರ್ಕನ್ನು ನಾನು ಕದ್ದೆ.

ಮಡಕಶಿರಾದವಳು

ನನ್ನದು ಪ್ರಾಜೆಕ್ಟ್ ನಕಲಿನ ತಲೆನೋವು. ಮಕ್ಕಳು ಪುಸ್ತಕದಿಂದಾಗಲಿ ಫೋನಿನಿಂದಾಗಲಿ ಹಾಗೇ ಇಳಿಸಿಬಿಡುತ್ತಾರೆ. ಅರ್ಥವಾಗದ ಪದವೂ ಸಹ. ಒಬ್ಬ 'ಮೇಲ್ಕಂಡ ಚಿತ್ರದಲ್ಲಿ' ಅಂತ ಬರೆದಿದ್ದ, ಮೇಲೆ ಚಿತ್ರವೇ ಇರಲಿಲ್ಲ.

ಈಗ ಹೀಗೆ ಮಾಡುತ್ತೇನೆ. ಓದಿ, ಪುಸ್ತಕ ಮುಚ್ಚಿ, ಪಕ್ಕದವರಿಗೆ ಹೇಳಿ. ಪಕ್ಕದವರು ಅದನ್ನು ಬರೆಯಬೇಕು, ಹೇಳಿದವರಲ್ಲ. ಮನೆಮಾತು ತೆಲುಗಾದರೆ ತೆಲುಗಿನಲ್ಲೇ ಹೇಳಲಿ, ಬರೆಯುವವರು ಕನ್ನಡಕ್ಕೆ ತರಲಿ. ಆಗ ನಕಲು ಮಾಡಲು ಸಾಧ್ಯವೇ ಇಲ್ಲ. ಹಾಳೆಯ ಕೆಳಗೆ 'ನನಗೆ ಇದನ್ನು ಹೇಳಿದವರು' ಅಂತ ಒಂದು ಗೆರೆ. ಅಲ್ಲಿ ಗೆಳತಿಯ ಹೆಸರೂ ಬರುತ್ತದೆ, ಪುಸ್ತಕದ ಹೆಸರೂ ಬರುತ್ತದೆ. ತನ್ನ ಹೆಸರು ಇನ್ನೊಬ್ಬರ ಹಾಳೆಯಲ್ಲಿ ಬಂದರೆ ಮಕ್ಕಳಿಗೆ ಎಷ್ಟು ಖುಷಿ ಅಂತೀರಿ!

ತಾಳವಾಡಿ ಸಾರ್

ಇದನ್ನು ನಾನು ತಮಿಳು-ಕನ್ನಡದಲ್ಲಿ ಮಾಡುತ್ತೇನೆ. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ತಮಿಳು ಕಡ್ಡಾಯ, ಮನೆಯಲ್ಲಿ ಕನ್ನಡ. ಎರಡು ಭಾಷೆ ಭಾರ ಅಂತ ಎಲ್ಲರೂ ಹೇಳುತ್ತಾರೆ. ಸುದ್ದಿ ತಾಳೆ ನೋಡುವಾಗ ಅದೇ ಅನುಕೂಲ. ಒಂದೇ ಮಳೆಯ ಸುದ್ದಿ ಎರಡು ಪೇಪರಿನಲ್ಲಿ ಎರಡು ತರಹ ಇರುತ್ತದೆ. ಒಂದರಲ್ಲಿ ಮುರಿದ ಸೇತುವೆ ದೊಡ್ಡದು, ಇನ್ನೊಂದರಲ್ಲಿ ಬಂದ ಮಂತ್ರಿ ದೊಡ್ಡವರು.

ಜತ್ತದ ಗುರೂಜಿ

ನಮ್ಮಲ್ಲಿ ಮರಾಠಿ ಪೇಪರು, ಕನ್ನಡ ಪೇಪರು. ಅದೇ ಕಥೆರೀ. ಗಡಿ ಸುದ್ದಿ ಬಂದ ದಿನ ಮಾತ್ರ ಪೇಪರು ಕ್ಲಾಸಿಗೆ ಒಯ್ಯುವುದಿಲ್ಲ. ಮಕ್ಕಳ ತಲೆ ಮೇಲೆ ಆ ಭಾರ ಬೇಡ.

ವಾಚನಾಲಯದವ (ಮಂಜೇಶ್ವರ)

ಗುರೂಜಿ, ನಾನಾಗಿದ್ದರೆ ಆ ದಿನವೇ ಒಯ್ಯುತ್ತಿದ್ದೆ. ಆದರೆ ನಾಲ್ಕನೇ ಕ್ಲಾಸಿಗೆ ಅಲ್ಲ, ಏಳಕ್ಕೆ. ಇರಲಿ, ಅದು ಬೇರೆಯೇ ಚರ್ಚೆ.

ಈಗ ಎಐ ಕೇಳಿದರೆ ಕನ್ನಡದಲ್ಲೇ ಪಟಪಟ ಹೇಳುತ್ತದಲ್ಲ, ಅದರ ಬಗ್ಗೆ ಯಾರಾದರೂ ಏನಾದರೂ ಮಾಡಿದ್ದೀರಾ?

ಕುಂಬಳೆ ಮಾಷ್ಟ್ರು

ಐದನೇ ಕ್ಲಾಸಿನಲ್ಲಿ ಮಾಡಿದೆ. ಮಕ್ಕಳ ಕೈಗೆ ಫೋನು ಕೊಡಲಿಲ್ಲ, ನಾನೇ ಪ್ರೊಜೆಕ್ಟರಿಗೆ ಹಾಕಿದೆ. ನಿಯಮ ಏನು ಅಂದರೆ ಉತ್ತರ ನಮಗೆ ಮೊದಲೇ ಗೊತ್ತಿರುವ ಪ್ರಶ್ನೆ ಮಾತ್ರ ಕೇಳುವುದು. ನಮ್ಮ ಶಾಲೆಯಲ್ಲಿ ಎಷ್ಟು ತೆಂಗಿನಮರ? ಶಾಲೆಯ ಬಾವಿ ಯಾವ ದಿಕ್ಕಿಗೆ? ಬಾವಿ ಉತ್ತರ ದಿಕ್ಕಿನಲ್ಲಿದೆ, ವಾಸ್ತು ಪ್ರಕಾರ ಕಟ್ಟಿದ್ದಾರೆ ಅಂತ ಎರಡು ಪ್ಯಾರಾ ಬರೆಯಿತು. ನಮ್ಮಲ್ಲಿ ಬಾವಿಯೇ ಇಲ್ಲ, ಬೋರ್‌ವೆಲ್. ಮಕ್ಕಳು ಬೆಂಚು ಬಡಿದು ನಕ್ಕರು. ಚಂದ್ರಗಿರಿ ನದಿಯ ಬಗ್ಗೆ ಕೇಳಿದಾಗ ಸರಿಯಾಗಿಯೇ ಹೇಳಿತು, ಅದನ್ನೂ ಒಪ್ಪಿಕೊಂಡರು.

ಪೆರ್ಲದ ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಚಿರತೆ ಫೋಟೋ ರಟ್ಟು ಮುಚ್ಚಿ ಮಾಡಿದೆ. ಮೋರಿಯ ಮೇಲೆ ಬರೆದ ಅಕ್ಷರ ಕನ್ನಡವೂ ಅಲ್ಲ, ಮಲಯಾಳವೂ ಅಲ್ಲ ಅಂತ ಮೂವರು ಹೇಳಿದರು. ಯಾವ ಊರು ಅಂತ ನಮಗೆ ಗೊತ್ತಾಗಲಿಲ್ಲ. ನಮ್ಮದಲ್ಲ ಅಂತ ಮಾತ್ರ ಗೊತ್ತಾಯಿತು. ಹಾಗಂತ ಚಿರತೆ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. ಅದಕ್ಕೆ ಫಾರೆಸ್ಟಿನವರನ್ನು ಕೇಳಬೇಕು ಅಂತ ಒಬ್ಬಳು ಹೇಳಿದಳು. ಸಂಜೆ ಒಬ್ಬರೇ ಗುಡ್ಡೆಗೆ ಹೋಗಬಾರದು ಅನ್ನುವುದು ಹಾಗೇ ಇರಲಿ ಅಂತ ನಾನು ಹೇಳಿದೆ.

ಮುಂದಿನ ಕೆಲಸ ಶಾಲೆಯ ಪ್ರಾಯ ಹುಡುಕುವುದು. ಗೋಡೆಯ ಕಲ್ಲಿನಲ್ಲಿ ಒಂದು ಇಸವಿ ಉಂಟು, ಹಳೆ ದಾಖಲಾತಿ ಪುಸ್ತಕದಲ್ಲಿ ಅದಕ್ಕಿಂತ ಹಿಂದಿನ ಇಸವಿ ಉಂಟು. ಕಲ್ಲು ಕಟ್ಟಡದ್ದಾ, ಶಾಲೆಯದ್ದಾ? ಊರಿನ ಹಿರಿಯರನ್ನು ಕೇಳಲು ಮಕ್ಕಳು ಪ್ರಶ್ನೆ ತಯಾರು ಮಾಡುತ್ತಿದ್ದಾರೆ. "ನೀವು ನೋಡಿದ್ರಾ, ಯಾರಾದ್ರೂ ಹೇಳಿದ್ದಾ" ಅನ್ನುವುದನ್ನು ಮೊದಲ ಪ್ರಶ್ನೆ ಮಾಡಿದ್ದೇವೆ.

ಪ್ರಶ್ನೆಪತ್ರಿಕೆ

ಟೀಚರೇ, ಒಂದು ಹಾಳೆ ಮಾಡಿ ಇಲ್ಲಿ ಹಾಕಿ. ಎಲ್ಲರೂ ಪ್ರಿಂಟ್ ತೆಗೆಯಬಹುದು. ದೊಡ್ಡದು ಬೇಡ, ಅರ್ಧ ಪುಟ. ಮಕ್ಕಳು ಬರೆಯುವುದಕ್ಕೆ ಜಾಗ ಇರಲಿ.

ಪೆರ್ಲದ ಟೀಚರ್

ಕಚ್ಚಾ ರೂಪ ಇದು. ತಿದ್ದಿ:

ನಾನು ತಿಳಿಯಬೇಕೆಂದಿದ್ದು ______
ನನಗೆ ಹೇಳಿದವರು / ಓದಿದ ಪುಸ್ತಕ, ಪುಟ ______
ಅವರು ನೋಡಿದ್ದಾ, ಕೇಳಿದ್ದಾ? ______
ಇನ್ನೊಬ್ಬರು ಏನು ಹೇಳುತ್ತಾರೆ? ______
ಇನ್ನೂ ಗೊತ್ತಾಗದೆ ಉಳಿದದ್ದು (ಖಾಲಿ ಬಿಡಬಹುದು) ______

ತೋಟದ ಮನೆ (ಬದಿಯಡ್ಕ)

ತಾರೀಕಿಗೆ ಒಂದು ಗೆರೆ ಹಾಕಿ ಟೀಚರೇ. ಕಿಲೋಗಾ ಕ್ವಿಂಟಾಲಿಗಾ ಅನ್ನುವುದಕ್ಕೂ.

ಜತ್ತದ ಗುರೂಜಿ

ಗೊತ್ತಾಗದೆ ಉಳಿದದ್ದಕ್ಕೆ ಖಾಲಿ ಬಿಡುವುದು ಬೇಡರೀ. ಅದನ್ನೇ ಬರೆಯಲಿ. ಖಾಲಿ ಬಿಡಬೇಕಾದ್ದು ಮೂರನೇ ಗೆರೆ, ಕೇಳಿ ಬರುವ ತನಕ.

ಪೆರ್ಲದ ಟೀಚರ್

ಎರಡೂ ಸರಿ. ತಿದ್ದಿ ರಾತ್ರಿ ಹಾಕುತ್ತೇನೆ. ಈಗ ಕರೆಂಟ್ ಇಲ್ಲ.